ಬಿಟ್ಟಿಗೆ ಹೋದವನ ಹೆಸರು

೧

ಹೇಗೆ ಶುರು ಮಾಡಲಿ? ‘ಒಂದಾನೊಂದು ಊರಿನಲ್ಲಿ’ ಎಂದರೆ ಯಾವ ಊರು ಎಂದು ಯಾರೂ ಕೇಳುವುದಿಲ್ಲ. ಕೇಳದಿರಲಿ ಎಂದೇ ಯಾರೋ ಆ ಮಾತನ್ನು ಹುಟ್ಟಿಸಿರಬೇಕು. ‘ಮೂಡಣದಲ್ಲಿ ನೇಸರ ನಕ್ಕನು’ ಎಂದರೆ ನಮ್ಮ ಓದುಗರ ಬಳಗದವರು ಮೊದಲ ಸಾಲಿಗೇ ನನ್ನನ್ನು ಹೊರಹಾಕುತ್ತಾರೆ. (ಕೊಪ್ಪಳದಲ್ಲಿ ಉಮರಸಾಬನ ಸೈಕಲ್ ಅಂಗಡಿಯ ಹಿಂದೆ ಭಾನುವಾರ ಸೇರುವ ಬಳಗ. ಪಂಕ್ಚರ್ ಹುಡುಕಲು ಅವನು ಟ್ಯೂಬನ್ನು ನೀರಲ್ಲಿ ಮುಳುಗಿಸುತ್ತಾನೆ, ನಾವು ಕಥೆಗಳನ್ನು ಮುಳುಗಿಸುತ್ತೇವೆ. ಗುಳ್ಳೆ ಎದ್ದಲ್ಲಿ ಸುಳ್ಳಿದೆ.)

ಆದ್ದರಿಂದ ನೇರವಾಗಿ ಹೇಳುತ್ತೇನೆ. ಇದು ೧೯೮೨. ಮಕ್ಕಳ ಪುಸ್ತಕಮಾಲೆಯ ಸಂಪಾದಕರೊಬ್ಬರು ಐದುನೂರು ವರ್ಷದ ಹಿಂದಿನ ನಮ್ಮ ಹಳ್ಳಿಯ ಬಗ್ಗೆ ಕಥೆ ಕೇಳಿದ್ದಾರೆ. ‘ಮಕ್ಕಳ ಕಣ್ಣಿಗೆ ಕಟ್ಟುವಂತಿರಲಿ, ಸಿಟ್ಟು ಮಾತ್ರ ಬೇಡ’ ಎಂದಿದ್ದಾರೆ. ಸಿಟ್ಟಿಲ್ಲದೆ ಬರೆದು ನನಗೆ ರೂಢಿಯಿಲ್ಲ. ಆದರೂ ಒಪ್ಪಿಕೊಂಡೆ. ಆ ಜನ ಬೆಳಿಗ್ಗೆ ಎದ್ದು ಏನು ತಿನ್ನುತ್ತಿದ್ದರು, ಏನೆಂದು ಬೈದಾಡುತ್ತಿದ್ದರು ಎಂಬುದು ನನಗೇ ಗೊತ್ತಾಗಬೇಕಿತ್ತು.

೨

ಮೊದಲ ಕರಡು: ‘ಕರಿಯವ್ವ ಎಂಬ ಹುಡುಗಿ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿಕೊಂಡು, ಹಸಿಮೆಣಸಿನಕಾಯಿ ಕಚ್ಚಿ...’

ಹೊಡೆದುಹಾಕಿದೆ. ಆಗಿನ್ನೂ ಈ ನೆಲಕ್ಕೆ ಶೇಂಗಾ ಬಂದಿರಲಿಲ್ಲ. ಮೆಣಸಿನಕಾಯಿಯೂ ಹಡಗು ಹತ್ತಿರಲಿಲ್ಲ.

“ಬಾಯಾಗ ಇಟ್ಟಿದ್ದು ಕಸಗೊಂಡ್ರಲ್ಲ ಕಾಕಾ,” ಎಂದಳು ಕರಿಯವ್ವ, ಕರಡಿನ ಒಳಗಿನಿಂದಲೇ. “ಈಗ ಏನ್ ತಿನ್ಲಿ?”

“ಎಳ್ಳು ಐತಿ, ಹುಣಸಿಹಣ್ಣು ಐತಿ. ಖಾರಕ್ಕ ಕಾಳಮೆಣಸು...”

“ಕಾಳಮೆಣಸು ಅರಸರ ಮನ್ಯಾಗ. ನಮ್ಮ ಮನ್ಯಾಗ ಉಪ್ಪಿಗೇ ತ್ರಾಸ ಐತಿ. ಇರ್ಲಿ, ಊಟದ್ದು ಆಮ್ಯಾಲ. ಮದ್ಲ ನಮ್ಮಪ್ಪನ್ನ ಮನಿಗೆ ಕಳಸ್ರಿ.”

೩

ಅವಳ ಅಪ್ಪನನ್ನು ಎಲ್ಲಿಗೆ ಕಳಿಸಿದ್ದೆ ಎಂದು ನಿಮಗೆ ಹೇಳಿಲ್ಲ, ಅಲ್ಲವೇ?

ಯಲಬುರ್ಗಾ ಕಡೆಯ ಎರೆಭೂಮಿ. ಆ ಸೀಮೆಯ ನಾಯಕ ಕೆರೆ ಕಟ್ಟಿಸುತ್ತಿದ್ದಾನೆ. ಅವನ ಆಳುಗಳು ಬಂದು ಕರಿಯವ್ವನ ಅಪ್ಪನನ್ನು ಜೋಡೆತ್ತಿನ ಸಮೇತ ಬಿಟ್ಟಿಗೆ ಹಿಡಿದುಕೊಂಡು ಹೋಗಿದ್ದಾರೆ. ಇತ್ತ ಮಳೆ ಬಿದ್ದು ಹೊಲ ಹದಕ್ಕೆ ಬಂದಿದೆ. ಹದ ಆರುವುದರೊಳಗೆ ಅಪ್ಪನೂ ಎತ್ತುಗಳೂ ಮರಳಿದರೆ ಜೋಳ ಬಿತ್ತಬಹುದು. ಇಲ್ಲವಾದರೆ ಹೊಲ ಬೀಳು, ವರ್ಷವಿಡೀ ಮನೆಯಲ್ಲಿ ಹಿಟ್ಟಿಲ್ಲ.

(ಮಳೆ ಸುರಿಸಿದವನು ನಾನೇ. ಹದ ಆರದಂತೆ ತಡೆಯಲು ಮಾತ್ರ ಆಗುತ್ತಿಲ್ಲ. ಎರೆಭೂಮಿ ಲೇಖಕರ ಮಾತು ಕೇಳುವುದಿಲ್ಲ.)

೪

ಬಳಗದ ಹೈದರಸಾಬ ಕುಷ್ಟಗಿ ಹತ್ತಿರದ ಒಂದು ಹಳ್ಳಿಯಲ್ಲಿ ಮಾಸ್ತರ. “ಸೈಕಲ್ ಅಂಗಡ್ಯಾಗ ಓದಿ ಏನ್ ಮಾಡ್ತಿಯೋ ಮಾರಾಯಾ? ಹುಡುಗರ ಮುಂದ ಓದು. ಕೆಟ್ರ ಅಲ್ಲೇ ಕೆಡ್ಲಿ,” ಎಂದು ತನ್ನ ಸಾಲೆಗೆ ಎಳೆದುಕೊಂಡು ಹೋದ.

ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ‘ನಾಯಕನು ಕೆರೆಯನ್ನು ಕಟ್ಟಿಸಿದನು.’ ಆಮೇಲೆ ಗಂಭೀರವಾಗಿ ಓದಿದೆ: “ಕರಿಯವ್ವನ ಅಪ್ಪ ಬಿಟ್ಟಿಗೆ ಹೋದನು.”

ಇಡೀ ಕ್ಲಾಸು ನಕ್ಕಿತು.

“ಏನ್ ಬಿಟ್ಟಿ ಸಿಕ್ತ್ರಿ ಸರ ಅವಗ?”

“ಊಟಾ ಇರಬೇಕಲೇ!”

“ಊಟಲ್ಲೋ, ಟಾಕೀಸು! ಗೇಟ್‌ಕೀಪರ್ ಅವನ ಮಾವ ಇರಬೇಕು!”

ಹಳೆಯ ಶಾಸನಗಳಲ್ಲಿ ಬಿಟ್ಟಿ ಎಂದರೆ ಕೂಲಿ ಕೊಡದೆ ಹಿಡಿದು ಮಾಡಿಸುವ ದುಡಿಮೆ. ಈ ಮಕ್ಕಳಿಗೆ ಅದು ಪುಕ್ಕಟೆ ಸಿಗುವ ಮಜಾ.

ಹೈದರಸಾಬ ಬೆತ್ತದಿಂದ ಮೇಜು ಬಡಿದ. “ಬೇಗಾರಿ, ಬೇಗಾರಿ! ನಿಜಾಮನ ಕಾಲದಾಗ ನಿಮ್ಮ ಅಜ್ಜಗೋಳು ಮಾಡ್ತಿದ್ರಲ್ಲ, ಅದು.”

ನಗು ನಿಂತಿತು. ಬೇಗಾರಿ ಗೊತ್ತಿತ್ತು, ಮನೆಮನೆಯಲ್ಲೂ ಗೊತ್ತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಹಮೀದಾಬಿ ಎಂಬ ಹುಡುಗಿ ಎದ್ದು ನಿಂತಳು.

“ನಮ್ಮ ದಾದಾನೂ ಮಾಡ್ಯಾನ್ರಿ ಬೇಗಾರಿ. ಅವಗ ಏನೂ ಪುಕ್ಕಟ ಸಿಕ್ಕಿಲ್ಲ. ಮತ್ತ ಬಿಟ್ಟಿ ಅಂದ್ರ ಪುಕ್ಕಟ ಅಂತ ಹೆಂಗಾತ್ರಿ?”

ಪುಕ್ಕಟೆ ಸಿಕ್ಕಿದ್ದು ನಾಯಕನಿಗೆ. ಪದ ಅವನ ಮನೆಯಲ್ಲಿ ಉಂಡು ಬೆಳೆದು, ಅವನ ಅರ್ಥವನ್ನೇ ಉಟ್ಟುಕೊಂಡು ನಮ್ಮ ಬಾಯಿಗೆ ಬಂದಿದೆ. (ಇದನ್ನು ಅಡಿಟಿಪ್ಪಣಿಯಲ್ಲಿ ಹಾಕಬೇಕೆಂದಿದ್ದೆ. ಆದರೆ ಅಡಿಟಿಪ್ಪಣಿಯೂ ಬಿಟ್ಟಿಯಾಳೇ. ಪುಟದ ತಳದಲ್ಲಿ ನಿಂತು ಮೇಲಿನವರನ್ನು ಹೊರುತ್ತದೆ.)

ಹಮೀದಾಬಿ ಬೋರ್ಡಿನ ಹತ್ತಿರ ಬಂದಳು. “ಕಟ್ಟಿಸಿದಾಂವ ಬ್ಯಾರೆ, ಕಟ್ಟಿದಾಂವ ಬ್ಯಾರೆ ಅಲ್ರಿ?” ಎಂದವಳೇ ‘ಸಿ’ ಅಕ್ಷರವನ್ನು ಅಂಗೈಯಿಂದ ಒರೆಸಿದಳು. ‘ನಾಯಕನು ಕೆರೆಯನ್ನು ಕಟ್ಟಿದನು’ ಎಂದಾಯಿತು.

“ಏ, ಈಗ ನಾಯಕನೇ ಮಣ್ಣು ಹೊತ್ತಂಗಾತಲ್ಲ!” ಹಿಂದಿನಿಂದ ಕೂಗು.

ಅವಳು ನಾಲಿಗೆ ಕಚ್ಚಿಕೊಂಡಳು. ನಾಯಕನನ್ನೂ ಒರೆಸಿದಳು. ಉಳಿದದ್ದು ಇಷ್ಟು:

________ ಕೆರೆಯನ್ನು ಕಟ್ಟಿದನು.

“ಬಿಟ್ಟ ಸ್ಥಳ ತುಂಬಿರಿ!” ಎಂದು ಕ್ಲಾಸು ರೂಢಿಯಂತೆ ಒಕ್ಕೊರಲಿನಿಂದ ಒದರಿತು.

“ಕರಿಯವ್ವನ ಅಪ್ಪನ ಹೆಸರೇನ್ರಿ ಸರ?”

ಇಟ್ಟಿರಲಿಲ್ಲ. ಎತ್ತುಗಳಿಗೆ ಇಟ್ಟಿದ್ದೆ, ಮಾಸ ಮತ್ತು ಬಿಳಿಯ. ಮನುಷ್ಯನಿಗೆ ಇಟ್ಟಿರಲಿಲ್ಲ.

೮

(ಐದು, ಆರು, ಏಳು ಎಲ್ಲಿ ಎನ್ನುತ್ತೀರಾ? ಹರಿದೆ. ಅವು ಅಂತ್ಯಗಳಾಗಿದ್ದವು. ಚೂರುಗಳನ್ನು ಕೂಡಿಸಿ ಓದುವ ಚಟ ನಿಮಗಿದ್ದರೆ, ಇಗೊಳ್ಳಿ.)

ಸಂಪಾದಕರಿಗೆ ಹಿಡಿಸುವಂಥದು: ನಾಯಕ ಕುದುರೆಯ ಮೇಲೆ ಬರುತ್ತಾನೆ, ಬಾಲೆಯ ಕಣ್ಣೀರು ಕಂಡು ಕರಗುತ್ತಾನೆ, ಅಪ್ಪನನ್ನು ಬಿಡುತ್ತಾನೆ.

“ಅತ್ತಾಕಿ ನಾನು, ದೊಡ್ಡ ಮನಶ್ಯಾ ಅಂವ!” ಎಂದಳು ಕರಿಯವ್ವ.

ಬಳಗಕ್ಕೆ ಹಿಡಿಸುವಂಥದು: ದುಡಿಯುವವರೆಲ್ಲ ಬುಟ್ಟಿ ಬಿಸಾಡಿ ಮುಷ್ಟಿ ಎತ್ತಿ ಘೋಷಣೆ ಕೂಗುತ್ತಾರೆ.

“ಇದು ನಿಮ್ಮ ಮೋರ್ಚಾ ಕಾಕಾ. ಮೊನ್ನಿ ತಹಸೀಲ್ದಾರ ಕಚೇರಿ ಮುಂದ ಮಾಡಿದ್ದು. ನಿಮ್ಮ ಘೋಷಣಾ ನಮ್ಮಪ್ಪನ ಬಾಯಾಗ ತುರಕಬ್ಯಾಡ್ರಿ. ಅವಗ ಅವಂದ ಬಾಯಿ ಐತಿ.”

ನನಗೆ ಹಿಡಿಸಿದ್ದು: ಊರಿಗೆ ಊರೇ ಬಿಟ್ಟು ಹೋಗುತ್ತದೆ. ಹೇರಿಕೆ ತಾಳದೆ ಜನ ಆಗ ನಿಜವಾಗಿಯೂ ಹಾಗೆ ಹೋದದ್ದುಂಟು. ಬಿಟ್ಟಿಗೆ ಉತ್ತರ ಬಿಟ್ಟುಹೋಗುವುದು! ಈ ಸಾಲು ಹೊಳೆದಾಗ ನಾನೇ ನನ್ನ ಬೆನ್ನು ಚಪ್ಪರಿಸಿಕೊಂಡೆ.

“ಹದಕ್ಕ ಬಂದ ಹೊಲಾನ ಯಾರ ಹೆಗಲ ಮ್ಯಾಲ ಹೇರ್ಲಿ?” ಎಂದಳು.

“ಹಂಗಾರ ನಿನಗ ಏನ್ ಬೇಕವಾ?”

“ಹೆಸರು. ಏರಿ ಮ್ಯಾಲ ನಿಂತು ಏನಂತ ಕರೀಲಿ ಅವನ್ನ?”

ಪೆನ್ನು ತೆಗೆದೆ. ಪಕೀರಪ್ಪ ಎನ್ನಲೇ? ದೊಡ್ಡಬಸಪ್ಪ ಎನ್ನಲೇ? ಒಂದು ಹೆಸರು ಬರೆದರೆ ಒಬ್ಬ ಮನೆಗೆ ಬರುತ್ತಾನೆ. ಉಳಿದವರು ಆ ‘ಸಿ’ಯೊಳಗೇ ಮಣ್ಣು ಹೊರುತ್ತಾ ಇರುತ್ತಾರೆ. ಬರೆಯದಿದ್ದರೆ ಈ ಹುಡುಗಿಯ ಹೊಲ ಆರುತ್ತದೆ. ಇದು ನ್ಯಾಯವೇ? ನೀವಾದರೂ ಹೇಳಿ. (ಸುಮ್ಮನಿದ್ದೀರಿ. ಕಥೆ ಓದುವವರಿಗೆ ಆ ಅನುಕೂಲ ಇದೆ.)

ನಾನು ಹೀಗೆ ಯೋಚಿಸುತ್ತ ಕೂತಿರುವಾಗ ಕರಿಯವ್ವ ಹೊರಟೇ ಹೋದಳು. ನಾನು ಬರೆಯದ ದಾರಿಯಲ್ಲಿ, ಎರೆ ಮೆತ್ತಿದ ಕಾಲಲ್ಲಿ, ಕೆರೆಯ ಏರಿ ಹತ್ತಿದಳು. ಕೆಳಗೆ ಬುಟ್ಟಿ ಹೊತ್ತ ಜನ. ಮೈತುಂಬ ಒಂದೇ ಮಣ್ಣು. ಯಾರು ಯಾರೆಂದು ಗುರುತು ಹತ್ತುವುದಿಲ್ಲ. ತನ್ನ ಬಳಿ ಇದ್ದ ಒಂದೇ ಹೆಸರಿನಿಂದ ಅವಳು ಕೂಗಿದಳು.

“ಅಪ್ಪಾ!”

ಎಲ್ಲರೂ ತಿರುಗಿ ನೋಡಿದರು. ತಲೆಯ ಮೇಲಿನ ಬುಟ್ಟಿಗಳು ಇದ್ದಲ್ಲೇ ನಿಂತವು.

“ಅವರಾಗ ಆಕಿ ಅಪ್ಪ ಯಾಂವ್ರಿ ಸರ?” ಬೋರ್ಡಿನ ಬಿಟ್ಟ ಸ್ಥಳದ ಮುಂದೆ ಇನ್ನೂ ನಿಂತ ಹಮೀದಾಬಿ ಕೇಳುತ್ತಿದ್ದಾಳೆ, ಕೈಯಲ್ಲಿ ಸೀಮೆಸುಣ್ಣ.

ನನಗೂ ಗೊತ್ತಿಲ್ಲವ್ವಾ. ಒಬ್ಬರೂ ಇನ್ನೂ ಮಣ್ಣು ಸುರಿದಿಲ್ಲ. ಹೊಲದಲ್ಲಿ ಹದ ಇನ್ನೂ ಆರಿಲ್ಲ.