ಪೆನ್ನಿನ ಶಾಯಿ ಹೇಳಿದ ಸುಳ್ಳು

ಜೇವರ್ಗಿಯ ಡಾಕ್ಟರ್ ಶಾರದಾಬಾಯಿಯವರ ಹತ್ತು ಮಂಚದ ದವಾಖಾನೆಯಲ್ಲಿ ರಕ್ತ, ಕಫ ತಪಾಸಣೆ ಮಾಡುವ ಯಾಕೂಬಸಾಬನಿಗೆ ಒಂದೇ ಗರ್ವ: ತಾನು ನೋಡಿ ಇಲ್ಲ ಅಂದರೆ ಇಲ್ಲ. ೧೯೮೬ರ ಚಳಿಗಾಲದಲ್ಲಿ ಆ ಗರ್ವಕ್ಕೆ ಸರಿಯಾದ ಪೆಟ್ಟು ಬಿತ್ತು.

ಮಾದನಹಿಪ್ಪರಗಾದ ಚಂದ್ರಾಮ ತಲೆನೋವು, ವಾಂತಿ ಅಂತ ಬಂದು ಮಲಗಿದ್ದ. ಕುತ್ತಿಗೆ ಕೊರಡಿನಂತೆ ಸೆಟೆದಿತ್ತು. ಮಿದುಳಿನ ಪೊರೆಗೆ ಬೂಷ್ಟು ತಗುಲಿದೆಯೇನೋ ಎಂಬ ಗುಮಾನಿಯಿಂದ ಡಾಕ್ಟರು ಅವನ ಬೆನ್ನುಮೂಳೆಗೆ ಸೂಜಿ ಹಾಕಿ ನೀರು ತೆಗೆದು, ಕಪ್ಪು ಶಾಯಿ ಬೆರೆಸಿ ನೋಡಲು ಹೇಳಿದರು. ಯಾಕೂಬ ಜೇಬಿನ ಪೆನ್ನಿನ ಶಾಯಿಯನ್ನೇ ಬೆರೆಸಿ, ‘ಏನೂ ಇಲ್ಲ’ ಎಂದು ಬರೆದುಕೊಟ್ಟ. ಹಾಗಾದರೆ ಮಿದುಳಿನ ಕ್ಷಯವೇ ಇರಬೇಕೆಂದು ಅದರ ಔಷಧಿ ಶುರುವಾಯಿತು. ಎಂಟು ದಿನಕ್ಕೆ ಚಂದ್ರಾಮನಿಗೆ ಹೆಂಡತಿ ಅಂಬುಬಾಯಿಯ ಗುರುತೂ ಹತ್ತದಾಯಿತು.

ಅಂಬುಬಾಯಿ ಗಂಟು ಕಟ್ಟಿದಳು. “ಊರಿಗೆ ಒಯ್ತೀನ್ರಿ. ಹೋಗೋ ಜೀವ ಮನ್ಯಾಗರೆ ಹೋಗ್ಲಿ.”

“ಎರಡು ದಿನ ತಡಿಬೇ,” ಎಂದು ಡಾಕ್ಟರು ಮತ್ತೊಮ್ಮೆ ಬೆನ್ನಿನ ನೀರು ತೆಗೆದರು.

ಅದೇ ಮಧ್ಯಾಹ್ನ ಪೆನ್ನಿಗೆ ಶಾಯಿ ಕೇಳಲು ಯಾಕೂಬ ಸೋದರಮಾವ ಚಾಂದಪಾಶಾನ ಅಂಗಡಿಗೆ ಹೋದ. ಮಾವ ಬಿದಿರಿನ ಕಲಮಿನಿಂದ ಉರ್ದು ಮದುವೆ ಕಾಗದ ಬರೆಯುವವನು. ಶಾಯಿಯನ್ನೂ ತಾನೇ ಕಾಸುವವನು. ಯಾಕೂಬನ ಪೆನ್ನು ಕಂಡರೆ ಅವನಿಗೆ ಮೈ ಉರಿ.

“ಅದು ಬರೇ ಬಣ್ಣದ ನೀರು ಲೇ,” ಎಂದು ಮಾವ ತನ್ನ ಶಾಯಿಯ ಶೀಶೆ ಎತ್ತಿ ತೋರಿಸಿದ. “ಇದ್ರಾಗ ದೀಪದ ಮಸಿ ಅದ, ಗೋಂದು ಅದ. ಸಣ್ಣ ಸಣ್ಣ ಕಣ ಇರ್ತಾವ.”

ಯಾಕೂಬನಿಗೆ ಥಟ್ಟನೆ ಹೊಳೆಯಿತು. ಬೂಷ್ಟಿನ ಸುತ್ತ ದಪ್ಪ ಕವಚವಿರುತ್ತದೆ, ಮಸಿಯ ಕಣ ಅದರೊಳಗೆ ಹೋಗುವುದಿಲ್ಲ. ಕವಚ ಕಾಣುವುದೇ ಅದರಿಂದ. ಬಣ್ಣದ ನೀರಿನಲ್ಲಿ ಏನು ಕಂಡೀತು, ಮಣ್ಣು!

ಶೀಶೆ ಹಿಡಿದು ಓಡಿದ. ಮೊದಲು ಬರೀ ಮಾವನ ಶಾಯಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ: ಮಸಿಯ ಕಣ ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ಬೆನ್ನಿನ ನೀರು ಬೆರೆಸಿದ. ಕಪ್ಪಿನ ನಡುವೆ ಒಂದು ಬಿಳಿ ಬಳೆ, ಪಕ್ಕದಲ್ಲಿ ಇನ್ನೊಂದು, ಎಲ್ಲಿ ನೋಡಿದರೂ ಬಳೆಗಳೇ.

ಬೂಷ್ಟು ಈಗಷ್ಟೇ ಬಂದಿದೆ ಎಂದು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. “ಮೊದಲಿನ ರಿಪೋರ್ಟ್ ತಪ್ಪಾಗ್ಯಾದ್ರಿ ಬಾಯೋರೆ. ನಂದೇ ತಪ್ಪು,” ಎಂದು ಡಾಕ್ಟರಿಗೆ ಹೇಳಿದ. ಡಾಕ್ಟರು ಬಾಯಿಗೆ ಬಂದಂತೆ ಬೈದು, ಔಷಧಿ ತರಲು ಅವನನ್ನೇ ಹೈದರಾಬಾದಿಗೆ ಅಟ್ಟಿದರು.

ಅವನು ತಂದ ಔಷಧಿಯ ಬಾಟಲಿ ಏರಿಸಿದ್ದೇ ತಡ, ಚಂದ್ರಾಮ ಮಂಚ ಅಲುಗುವಂತೆ ನಡುಗತೊಡಗಿದ.

“ಕೊಲ್ಲಾಕತ್ತೀರಿ ಅವನ್ನ!” ಅಂಬುಬಾಯಿ ನಳಿಗೆಗೆ ಕೈ ಹಾಕಿದಳು.

“ಈ ಔಷಧಕ್ಕ ಚಳಿ ಬರ್ತದ, ಹೋಗ್ತದ,” ಯಾಕೂಬ ಅಂದ. “ಅಕ್ಕಾ, ಎಂಟು ದಿನ ಅವ ನರಳಿದ್ದು ನನ್ನಿಂದ. ಅವತ್ತು ನಾ ತಪ್ಪು ಬರ್ದಿದ್ದೆ. ಇವತ್ತು ನನ್ನ ನಂಬ್ರಿ.”

ಅವಳು ಅವನನ್ನು ಸುಟ್ಟುಬಿಡುವಂತೆ ನೋಡಿದಳು. ಆಮೇಲೆ ನಳಿಗೆ ಬಿಟ್ಟಳು. “ಕಾಲು ತಣ್ಣಗಾಗ್ಯಾವ. ಹಿಡಕೊಂಡು ಕೂಡ್ರಿ.”

ಬಾಟಲಿ ಏರಿಸಿದಾಗೆಲ್ಲ ಯಾಕೂಬ ಹಾಗೇ ಕೂತ. ಹನ್ನೆರಡನೆಯ ದಿನ ಚಂದ್ರಾಮ ಕಣ್ಣು ಬಿಟ್ಟು ಹೆಂಡತಿಯನ್ನು ಗುರುತಿಸಿದ.

“ಇವ ಯಾರಬೇ, ನನ್ನ ಕಾಲು ಹಿಡಕೊಂಡಾನ?”

ಅಂಬುಬಾಯಿ ಯಾಕೂಬನತ್ತ ನೋಡಿದಳು. “ನಿನ್ನ ಬ್ಯಾನಿ ಹುಡುಕಿ ತಗದಾಂವ,” ಎಂದಳು, ಅಷ್ಟೇ. ಯಾಕೂಬನಿಗೆ ಅಳು ತಡೆಯಲಾಗಲಿಲ್ಲ.