ಕಡೆಯ ಬುಟ್ಟಿಯ ಜೋಳ

ಕಾಶಿನಾಥ ಇನ್ನೊಂದು ಹಿಡಿ ಜೋಳ ತೂರಿದಾಗ ಒಂದು ಕಾಳು ಸಿಡಿದು ಕೌಶಲ್ಯಾಳ ಕೊರಳಿಗೆ ತಾಗಿತು. ಅತ್ತೆ ಅನಸೂಯಾಬಾಯಿಯ ಹೆಣದ ಹಿಂದೆ ಅಳುತ್ತ ನಡೆಯುತ್ತಿದ್ದವಳು ಅದನ್ನು ತೆಗೆದು ನೋಡಿದಳು. ಕಾಳಿಗೆ ಬೂದಿ ಅಂಟಿತ್ತು, ಬೇವಿನ ವಾಸನೆ ಬೇರೆ. ಉಣ್ಣುವ ಜೋಳಕ್ಕೆ ಯಾರಾದರೂ ಬೂದಿ ಹಚ್ಚುತ್ತಾರೆಯೇ? ಇದು ಬಿತ್ತನೆಯ ಬೀಜ.

ಮೈದುನ ಕಾಶಿನಾಥ ತಾಂಡೂರಿನಲ್ಲಿ ನೌಕರಿಗಿದ್ದವನು. ಬೆಳಿಗ್ಗೆ ಬಂದವನೇ, ಹೆಣದ ಮೇಲೆ ತೂರಲು ಜೋಳ ಎಲ್ಲಿ ಎಂದು ಕೇಳಿದ್ದ. ಒಳಗದ ಎಂದಿದ್ದಳು ಇವಳು. ಉಣ್ಣುವ ಜೋಳದ ಚೀಲ ತೋರಿಸಿದಳೋ, ಸುಮ್ಮನೆ ಕೈ ಮಾಡಿದಳೋ, ಈಗ ಏನು ಮಾಡಿದರೂ ನೆನಪಾಗಲೊಲ್ಲದು. ಅವನು ಮಣ್ಣು ಮೆತ್ತಿದ್ದ ಬುಟ್ಟಿಯ ಬಾಯಿ ಒಡೆದು ತಂದಿದ್ದ. ಅತ್ತೆ ಮನೆಯಲ್ಲೇ ನಡೆಸುತ್ತಿದ್ದ ಹೆಂಗಸರ ಬೀಜದ ಸಂಘದಲ್ಲಿ ಉಳಿದಿದ್ದ ಕಡೆಯ ಬುಟ್ಟಿ ಅದು, ಸಂಘದ ಭೀಮಮ್ಮನಿಗೆಂದು ಎತ್ತಿಟ್ಟದ್ದು.

*

ನೆರೆ ಇಳಿದ ಮೂರನೆಯ ದಿನವೇ ಅನಸೂಯಾಬಾಯಿ ಬೀಜದ ಸಾಲ ಕೊಡಲು ಕೂತಿದ್ದಳು. ಬ್ಯಾಂಕಿನವರೂ ನೆರೆ ಸಾಲ ಕೊಡುತ್ತೇವೆ, ಹೊಲದ ಪಟ್ಟಾ ಪುಸ್ತಕ ತನ್ನಿ ಎಂದಿದ್ದರು. ಭೀಮಮ್ಮ ಮಾಡುತ್ತಿದ್ದದ್ದು ಗುತ್ತಿಗೆಗೆ ಹಿಡಿದ ಕೌಲಿನ ಹೊಲ, ಪುಸ್ತಕ ಮಾಲೀಕನದು. ತೊಗರಿ ಪೂರಾ ಕೊಚ್ಚಿಹೋಗಿತ್ತು. ಹಸಿ ಆರುವುದರೊಳಗೆ ಬಿಳಿಜೋಳ ಬಿತ್ತದಿದ್ದರೆ ಹೊಲವೂ ಕೈಬಿಡುತ್ತಿತ್ತು. "ಕೆಸರು ಇಳೀಲಿ, ಬಂದು ಒಯ್ಯಿ. ನಿಂದು ಎಲ್ಲಿಗೂ ಹೋಗಂಗಿಲ್ಲ" ಎಂದಿದ್ದಳು ಮುದುಕಿ.

ಒಂದು ಸೇರು ಒಯ್ದವರು ಸುಗ್ಗಿಗೆ ಎರಡು ತರಬೇಕು. ಒಯ್ಯುವಾಗಲೂ ಒಂದು ಹಿಡಿ ತಿರುಗಿ ಬುಟ್ಟಿಗೆ ಹಾಕಬೇಕು, ಬುಟ್ಟಿ ಬರಿದಾಗಬಾರದು. ಮರೆತವರನ್ನು ಮುದುಕಿ ಬಾಗಿಲು ದಾಟಲು ಬಿಡುತ್ತಿರಲಿಲ್ಲ. ಒಮ್ಮೆ ಕೌಶಲ್ಯಾ ಚೆಲ್ಲಿದ ಕಾಳನ್ನು ಕಸದ ಜೊತೆ ಗುಡಿಸಿದ್ದಕ್ಕೆ ಇಡೀ ಕಸ ಸುರುವಿಸಿ ಆರಿಸಲು ಹಚ್ಚಿದ್ದಳು.

*

"ಕಾಶಿನಾಥ, ಕೈ ತಡಿ. ಅದು ಬೀಜ" ಎಂದು ಕೂಗಿದಳು ಕೌಶಲ್ಯಾ.

"ನೀವೇ ಅಲ್ರಿ ವೈನಿ, ಒಳಗ ಅದ ಅಂದೋರು?"

ಅವನು ಬುಟ್ಟಿಯಲ್ಲಿ ಇಣುಕಿದ. ತಳ ಕಾಣುತ್ತಿತ್ತು. ಏನು ಮಾಡಬೇಕೆಂದು ತಿಳಿಯದೆ ಅದನ್ನು ದಾರಿಯ ಮೇಲೇ ಇಟ್ಟ. ಹೆಣ ನಿಲ್ಲಿಸಬಾರದು ಎಂದರು ಯಾರೋ. ತೂರಿದ ಕಾಳು ತಿರುಗಿ ಮನೆಗೆ ತರಬಾರದು ಎಂದರು ಇನ್ಯಾರೋ. ಮುಂದೆ ಬೆಂಕಿಯ ಗಡಿಗೆ ಹಿಡಿದಿದ್ದ ಗಂಡ ದೇವಿದಾಸ ತಿರುಗಿ ನೋಡಿ ಮುಂದೆ ನಡೆದ. ಅತ್ತೆಯನ್ನು ಅರ್ಧ ದಾರಿಯಲ್ಲಿ ಬಿಡುವುದೇ? ಬೀಜ ಬಿಟ್ಟು ಹೋದರೆ ಆ ಅತ್ತೆಯೇ ಸುಮ್ಮನಿರುತ್ತಿದ್ದಳೇ? ಕೌಶಲ್ಯಾ ಎರಡು ಹೆಜ್ಜೆ ಮುಂದೆ ಹೋದಳು, ಮತ್ತೆ ಹಿಂದೆ ಬಂದಳು. ಹೆಣ ಹಳ್ಳದ ತಿರುವು ದಾಟಿತು. ಅವಳು ದಾರಿಯಲ್ಲಿ ಕೂತೇಬಿಟ್ಟಳು.

ಕಣ್ಣೀರಿನಲ್ಲಿ ಕಾಳು ಯಾವುದು, ಹರಳು ಯಾವುದು ಒಂದೂ ತಿಳಿಯಲಿಲ್ಲ. ಪಕ್ಕದಲ್ಲಿ ಇನ್ನೆರಡು ಕೈ ಬಂದವು. ಭೀಮಮ್ಮ.

"ಹೆಣದ ಮ್ಯಾಲಿಂದು ಅಂತ ಮಂದಿ ಅಂತಾರಕ್ಕಾ" ಎಂದಳು ಕೌಶಲ್ಯಾ.

"ಅನ್ಲಿ. ಮುದುಕಿ ಇದ್ದಿದ್ರ ಎಲ್ಲರಿಗಿಂತ ಮದ್ಲ ಅಕೀನೇ ಕುಂದರ್ತಿದ್ಳು."

ಕೌಶಲ್ಯಾಳಿಗೆ ನಗು ಬಂತು, ಹಿಂದೆಯೇ ಅಳು. ಹಳ್ಳದ ಆಚೆ ಹೊಗೆ ಏಳುವವರೆಗೂ ಇಬ್ಬರೂ ಆರಿಸಿದರು. ಬುಟ್ಟಿಯ ತಳದಲ್ಲಿದ್ದುದನ್ನೂ ಸೇರಿಸಿ ಕೌಶಲ್ಯಾ ಎಲ್ಲವನ್ನೂ ಭೀಮಮ್ಮನ ಉಡಿಗೆ ಸುರಿದಳು. ಅಳತೆಗೆ ಕಡಿಮೆಯೇ ಇತ್ತು.

ಭೀಮಮ್ಮ ಉಡಿ ಕಟ್ಟಿಕೊಂಡು ನಾಲ್ಕು ಹೆಜ್ಜೆ ಹೋದವಳು ನಿಂತಳು. ತಿರುಗಿ ಬಂದು ಉಡಿಯಿಂದ ಒಂದು ಹಿಡಿ ತೆಗೆದು ಬುಟ್ಟಿಗೆ ಹಾಕಿದಳು. ಆಮೇಲೆ ಬುಟ್ಟಿಯನ್ನೆತ್ತಿ ಕೌಶಲ್ಯಾಳ ಸೊಂಟಕ್ಕೆ ಇಟ್ಟಳು.