ಜೊತೆಗೆ ನಡೆದ ತೋಳ

ಹಿರಿಯೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಅನುಪಮಾಗೆ ಆ ಚಳಿಗಾಲವೆಲ್ಲ ತೋಳಗಳದೇ ಧ್ಯಾನ. ಇಂಗ್ಲಿಷ್ ಮತ್ತು ಉಜ್ಬೆಕ್ ಜನಪದ ಕಥೆಗಳಲ್ಲಿ ಯಾವ ಪ್ರಾಣಿ ಏನನ್ನು ಸೂಚಿಸುತ್ತದೆ ಎಂಬುದು ಅವಳ ಪಿಎಚ್‌ಡಿ ವಿಷಯ. ಓದಿ ಓದಿ ಕಣ್ಣು ಮಂಜಾದಾಗ ಪುಸ್ತಕದ ಸಮೇತ ಆದಿವಾಲದ ದೊಡ್ಡಮ್ಮನ ಮನೆಗೆ ಬಂದುಬಿಡುತ್ತಿದ್ದಳು.

ಆ ಭಾನುವಾರ ದೊಡ್ಡಮ್ಮ ತಿಪ್ಪಮ್ಮ ಬೇವಿನ ನೆರಳಲ್ಲಿ ಕುಂತು ಉಣ್ಣೆ ನೂಲುತ್ತಿದ್ದಳು. ದೂರದ ಗುಡ್ಡದ ಮೇಲೆ ಕರೆಂಟಿನ ಗಾಳಿ ಫ್ಯಾನುಗಳು ತೂಕಡಿಸುತ್ತ ತಿರುಗುತ್ತಿದ್ದವು.

"ಅಷ್ಟು ದಪ್ಪ ಬುಕ್ಕಲ್ಲಿ ಏನವ್ವಾ ಬರ್ದೈತೆ?"

"ತೋಳದ ಕಥೆ ದೊಡ್ಡಮ್ಮ. ಇಂಗ್ಲಿಷ್ನೋರ ಕಥೇಲಿ ತೋಳ ಅಂದ್ರೆ ಮೋಸ, ಹೊಟ್ಟೆಬಾಕತನ. ಉಜ್ಬೆಕ್ ಕಥೇಲಿ ಅದೇ ತೋಳ ದಾರಿ ತಪ್ಪಿದ ರಾಜಕುಮಾರನ್ನ ಬೆನ್ನ ಮೇಲೆ ಕೂರಿಸ್ಕಂಡು ಊರು ಮುಟ್ಟಿಸ್ತದೆ."

ತಿಪ್ಪಮ್ಮನ ಕೈ ನಿಂತಿತು. "ನನ್ನೂ ಮುಟ್ಟಿಸಿತ್ತು," ಅಂದಳು.

ಆಗ ಅವಳಿಗೆ ಎಂಟು ವರ್ಷ. ಕುರಿ ಮೇಯಿಸಲು ಹೋದವಳು ಪೊದೆಯ ನೆರಳಲ್ಲಿ ನಿದ್ದೆ ಹೋಗಿದ್ದಳು. ಎದ್ದಾಗ ಕುರಿಗಳೆಲ್ಲ ತಾವೇ ಹಟ್ಟಿಗೆ ಹೊರಟುಹೋಗಿದ್ದವು. ಹತ್ತು ಮಾರು ದೂರದಲ್ಲಿ ತೋಳ ಕುಂತಿತ್ತು. ಯಾಕೋ ಭಯವಾಗಲಿಲ್ಲ, ನೀರೊಳಗೆ ಕಣ್ಣು ಬಿಟ್ಟ ಹಾಗೆ ಎಲ್ಲ ನಿಶ್ಶಬ್ದ. ಅವಳು ನಡೆದರೆ ಅದೂ ನಡೆಯಿತು. ನಿಂತರೆ ನಿಂತಿತು. ಸಂಜೆಬಿಸಿಲಿಗೆ ಇಬ್ಬರ ನೆರಳೂ ಕೆಮ್ಮಣ್ಣಿನ ಮೇಲೆ ಉದ್ದಕ್ಕೆ ಚಾಚಿ, ಒಂದರೊಳಗೊಂದು ಸೇರಿಕೊಂಡು ಬಂದವು. ಹಟ್ಟಿಯ ಬೇಲಿ ಕಂಡಾಗ ತಿರುಗಿ ನೋಡಿದರೆ ತೋಳ ಇರಲಿಲ್ಲ.

"ಆಮೇಲೆ?"

"ಬೆಳಗ್ಗೆ ನೋಡಿದ್ರೆ ಕುರಿ ಕೂಡೋ ರೊಪ್ಪದಾಗೆ ಎರಡು ಮರಿ ಇರಲಿಲ್ಲ. ಕಾಯದೆ ಮಲ್ಕಂಡೈತೆ ಅಂತ ನಮ್ಮಪ್ಪ ನಾಯಿಗೆ ಬಾರಿಸಿದ. ಕೆಂಚ ಅಂತ ಅದರ ಹೆಸ್ರು. ತೋಳ ನನ್ನ ಜೊತೆ ಬಂದಿದ್ದು ನಾನು ಬಾಯಿ ಬಿಡ್ಲಿಲ್ಲ. ಕೆಂಚ ಎರಡು ದಿನ ಮುದ್ದೆ ಮುಟ್ಟದೆ ಬಿದ್ದಿತ್ತು, ಮೂರನೇ ದಿನ ಎತ್ತ ಹೋಯ್ತೋ." ತಿಪ್ಪಮ್ಮ ಪುಸ್ತಕದ ಕಡೆ ಗದ್ದ ತಿರುಗಿಸಿದಳು. "ಆ ತೋಳ ನನ್ನ ಕಾಯಾಕೆ ಬಂತೋ, ಹಟ್ಟಿ ದಾರಿ ತಿಳ್ಕಳಾಕೆ ಬಂತೋ? ಅದ್ರಾಗೆ ಏನಾರ ಬರ್ದೈತಾ?"

"ಇಲ್ಲ ದೊಡ್ಡಮ್ಮ," ಅಂದಳು ಅನುಪಮಾ. ಪುಸ್ತಕ ಮುಚ್ಚಿಟ್ಟು, "ಆ ಜಾಗ ನೋಡ್ಬೇಕು ನಾನು," ಅಂದಳು.

"ಹಂಗಾರೆ ನಡಿ, ಹೋಗಾಣ."

ಮೆಕ್ಕೆಜೋಳದ ಹೊಲ ದಾಟಿ ಇಬ್ಬರೂ ಹೋದರು. ಪೊದೆಗಳು ಅಷ್ಟೋ ಇಷ್ಟೋ ಉಳಿದಿದ್ದವು. ಒಂದು ಕಡೆ ತಿಪ್ಪಮ್ಮ ನಿಂತಳು. ತೋಳದ ಮಾತು ಎತ್ತುತ್ತಾಳೆಂದು ಅನುಪಮಾ ಕಾದಳು. ಆದರೆ ದೊಡ್ಡಮ್ಮ ಬಾಯಿಯ ಎರಡೂ ಬದಿಗೆ ಕೈ ಹಿಡಿದು, ಖಾಲಿ ಬಯಲಿಗೆ ಕೂಗಿದಳು:

"ಲೇ ಕೆಂಚಾ! ತಪ್ಪು ನಂದು ಕಣೋ! ನಿಂದಲ್ಲ!"

ಎಲ್ಲಿಂದಲೋ ಎರಡು ಗೌಜಲಕ್ಕಿ ಬುರ್ರನೆ ಹಾರಿದವು. ಮತ್ತೆ ಬರೀ ಗಾಳಿ. ಅನುಪಮಾ ದೊಡ್ಡಮ್ಮನ ಒರಟು ಕೈಯನ್ನು ಹಿಡಿದುಕೊಂಡಳು.

ವಾಪಸು ಬರುವಾಗ ತಿಪ್ಪಮ್ಮ ದಾರಿಯುದ್ದಕ್ಕೂ ಕೆಂಚನ ಮಾತೇ ಆಡಿದಳು. ಮಜ್ಜಿಗೆ ಅಂದ್ರೆ ಹೆಂಗೆ ಜೀವ ಬಿಡ್ತಿತ್ತು, ಸಿಡಿಲಿಗೆ ಹೆದರಿ ಹೆಂಗೆ ಅವಳ ಕಂಬಳಿಯೊಳಗೆ ತೂರ್ಕಂತಿತ್ತು ಅಂತ. ಹೇಳುತ್ತ ಹೇಳುತ್ತ ಒಮ್ಮೆ ನಕ್ಕಳು ಕೂಡ.